ಕರಿಕಲ್ಲು ನಂಬಿ ಕೊಂಡ ಸೈಟು

ಬ್ಯಾಂಕಿನಲ್ಲಿ ಸಾಲದ ಕಾಗದ ನೋಡುತ್ತಿದ್ದವನು ನಾನು. ‘ಅಲಿನೇಷನ್ ಆರ್ಡರ್ ಎಲ್ಲಿ?’ ಎಂದು ಕೇಳಿ ಎಷ್ಟೋ ಜನರನ್ನು ವಾಪಸು ಕಳಿಸಿದ್ದೇನೆ. ಅಂಥವನು ಚಾಮರಾಜನಗರದಲ್ಲಿ, ಹೊಲವನ್ನು ನಿವೇಶನವಾಗಿಸುವ ಆ ಆರ್ಡರೇ ಇಲ್ಲದ ರೆವಿನ್ಯೂ ಸೈಟು ಕೊಂಡೆ.

ಇದರ ಬೇರು ಹೊಸಪೇಟೆಯಲ್ಲಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾಕ್ಕೆ ಕಬ್ಬಿಣದ ಅದಿರು ಹೋಗುತ್ತಿದ್ದಾಗ ನಾನಲ್ಲಿದ್ದೆ. ಲಾರಿಯವರು, ಎಂಜಿನಿಯರುಗಳು, ಏಜೆಂಟರು ಊರಿಗೆ ನುಗ್ಗಿದ್ದರು; ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಗೆಸ್ಟ್ ಹೌಸಿಗೆ ಕಂಪನಿಯೊಂದು ಕೇಳಿತೆಂದು ನಮ್ಮ ಓನರು ನನ್ನನ್ನು ಖಾಲಿ ಮಾಡಿಸಿದರು. ಸಾಮಾನು ಗಾಡಿಗೆ ಹಾಕುವಾಗಲೇ ತೀರ್ಮಾನಿಸಿದೆ: ನೆಲದಡಿ ಏನಾದರೂ ಸಿಗುವ ಊರಿನಲ್ಲಿ ಮೊದಲು ಸೈಟು ಹಿಡಿಯಬೇಕು.

ವರ್ಗವಾದದ್ದು ಚಾಮರಾಜನಗರಕ್ಕೆ. ಇಲ್ಲಿಯ ಕರಿಕಲ್ಲು ಸಮಾಧಿಕಲ್ಲಾಗಿ ಜಪಾನಿನವರೆಗೂ ಹೋಗುತ್ತದೆಂದು ಕೇಳಿದವನೇ ಒಳಗೊಳಗೇ ಲೆಕ್ಕ ಹಾಕಿದೆ. ಗುಂಡ್ಲುಪೇಟೆ ರಸ್ತೆಯ ಪಕ್ಕ ಸುಣ್ಣ ಬಳಿದ ಕಲ್ಲು ನೆಟ್ಟಿದ್ದ ಹೊಲವೊಂದನ್ನು ಬ್ರೋಕರ್ ತೋರಿಸಿದ. “ಕನ್ವರ್ಷನ್ ಆಯ್ತದ ಸಾ, ಎಲ್ಲಾ ತಕ್ಕತಾವ್ರೆ” ಅಂದ. ಪಿ.ಎಫ್. ಸಾಲ ತೆಗೆದು ಕೊಟ್ಟುಬಿಟ್ಟೆ.

ಊರು ಹೊಸಪೇಟೆಯಾಗಲಿಲ್ಲ. ಆಗುವುದು ಹೇಗೆ? ಅಲ್ಲಿ ಅದಿರಿನ ಧೂಳಿನ ಜೊತೆ ಸಾವಿರಾರು ಜನ ಬಂದಿದ್ದರು. ಕರಿಕಲ್ಲಿನ ಕ್ವಾರಿಯಲ್ಲಿ ವೈರ್ ಸಾ ಕೊಯ್ಯುತ್ತದೆ, ಕ್ರೇನ್ ಎತ್ತುತ್ತದೆ, ದಿಮ್ಮಿ ಟ್ರೇಲರ್ ಹತ್ತಿ ಹೋಗುತ್ತದೆ. ಕೆಲಸದವರು ಕ್ವಾರಿ ಪಕ್ಕದ ಶೆಡ್ಡಿನಲ್ಲೇ ಇರುತ್ತಾರೆ. ಪಾಲಿಶ್ ಜಿಗಣಿಯಂಥ ಕಡೆ, ಮಾಲೀಕರ ಬಂಗಲೆ ಮೈಸೂರು, ಬೆಂಗಳೂರಿನಲ್ಲಿ. ಬಾಡಿಗೆಗೆ ಬರುವವರು ಯಾರು?

ಏರಿದ್ದು ಕಟ್ಟುವ ಖರ್ಚು. ಗುಂಡ್ಲುಪೇಟೆ ಕಡೆಯ ಕ್ರಷರ್‌ಗಳ ಜಲ್ಲಿ, ಎಂ-ಸ್ಯಾಂಡ್ ಕೇರಳಕ್ಕೂ ಹೋಗುತ್ತದೆ. 2009ರಿಂದ ಆ ದಾರಿಯ ಬಂಡೀಪುರ ಕಾಡಿನಲ್ಲಿ ರಾತ್ರಿ ಲಾರಿ ಸಂಚಾರವಿಲ್ಲ, ಬೆಳಿಗ್ಗೆ ಆರಕ್ಕೆ ಗೇಟು ತೆಗೆಯುವುದನ್ನೇ ಟಿಪ್ಪರ್‌ಗಳು ಕಾಯುತ್ತವೆ. “ಗುಡ್ಡ ಇಲ್ಲೇ ಇದೆಯಲ್ಲಪ್ಪ, ಇಷ್ಟು ರೇಟೇ?” ಎಂದರೆ ಮೇಸ್ತ್ರಿ ನಕ್ಕ: “ಗುಡ್ಡ ನಮ್ದು, ರೇಟು ಕೇರಳದ್ದು ಸಾ.” 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ಬಳಿಯ ಮಡಹಳ್ಳಿ ಗುಡ್ಡದ ಕ್ವಾರಿ ಕುಸಿದು ಕೆಲಸಗಾರರು ಸತ್ತಾಗ, ಆ ರೇಟಿನ ಬಗ್ಗೆ ಗೊಣಗಿದ್ದಕ್ಕೂ ನಾಚಿಕೆಯಾಯಿತು.

ಆ ರೇಟಿನಲ್ಲೂ ಮನೆ ಕಟ್ಟೋಣವೆಂದು ನನ್ನದೇ ಶಾಖೆಗೆ ಅರ್ಜಿ ಹಾಕಿದ್ದೆ. ನಾನೇ ಕೆಲಸ ಕಲಿಸಿದ ಹುಡುಗ ಕಾಗದ ತಿರುವಿ, ತಲೆಯೆತ್ತದೆ, “ಸಾರ್, ಅಲಿನೇಷನ್ ಆರ್ಡರ್...” ಎಂದ. ಧ್ವನಿಯೂ ನನ್ನದೇ! ಪಕ್ಕದ ಕೌಂಟರಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಹೊಸಪೇಟೆಯಿಂದಾದರೂ ಪೂರ್ತಿ ಪಾಠ ಕಲಿಯಬಹುದಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಕೆಲವು ತಿಂಗಳಲ್ಲಿ ಹಳೇ ಓನರ ಫೋನು: “ಮನೆ ಖಾಲಿ ಐತ್ರಿ, ನಿಮ್ಮ ಬ್ಯಾಂಕ್‌ನ್ಯಾಗ ಯಾರರ ಅದಾರೇನ್ರಿ?” ನಕ್ಕೆ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಮ್ಮ ‘ಬಡಾವಣೆ’ಯಲ್ಲಿ ಇಂದಿಗೂ ಚರಂಡಿಯಿಲ್ಲ. ಅರಿಸಿನ ಬೆಳೆಯುತ್ತಿದ್ದ ನೆಲ ಈಗ ಅತ್ತ ಹೊಲವೂ ಅಲ್ಲ, ಇತ್ತ ಊರೂ ಅಲ್ಲ. ನನ್ನಂಥವರ ಆಸೆ ಒಬ್ಬ ರೈತನ ಹೊಲವನ್ನು ತಿಂದಿತು ಅನ್ನುವುದು ನಿವೃತ್ತನಾದ ಮೇಲೇ ಹೊಳೆದದ್ದು.

2025ರಲ್ಲಿ ರೆವಿನ್ಯೂ ಸೈಟುಗಳಿಗೂ ಖಾತೆ ಕೊಡುವ ಬಿ ಖಾತಾ ಅಭಿಯಾನ ಬಂತು. ಕ್ಯೂನಲ್ಲಿ ನಿಂತಿದ್ದಾಗ ಹಿಂದಿನ ತರುಣ ಕೇಳಿದ, “ಸಾರ್, ನಿಮ್ಮ ಸೈಟಿನ ಕಡೆ ರೇಟು ಏರುತ್ತಾ?”

“ಮೆಡಿಕಲ್ ಕಾಲೇಜು ಬಂದಿದೆಯಲ್ಲ, ಏರದೆ ಇರುತ್ತಾ?” ಅಂದುಬಿಟ್ಟೆ.