ಎಮ್ಮೆಯ ಹಾಲು ಕಾಣದ ಊರಿನಲ್ಲಿ ಚಹಾ

ಹುಬ್ಬಳ್ಳಿ-ಧಾರವಾಡದಿಂದ ಓದಿಗೋ ಉದ್ಯೋಗಕ್ಕೋ ಹೊರದೇಶಕ್ಕೆ ಹೋಗಿ ನೆಲೆಸುವವರು ಖಡಕ್ ರೊಟ್ಟಿ, ಗುರೆಳ್ಳ ಹಿಂಡಿ, ಶೇಂಗಾ ಚಟ್ನಿ ಇತ್ಯಾದಿಗಳನ್ನು ಪೆಟ್ಟಿಗೆಯಲ್ಲಿ ಹೇಗೋ ಹಿಡಿಸಿಕೊಂಡು ಹೋಗುತ್ತಾರೆ. ಚಹಾಪುಡಿಯನ್ನಂತೂ ಒಯ್ಯುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ನ್ಯೂಜೆರ್ಸಿಯ ಎಡಿಸನ್‌ನಲ್ಲೋ ಲಂಡನ್ನಿನ ಸೌತಾಲ್‌ನಲ್ಲೋ ಇರುವ ಭಾರತೀಯ ಅಂಗಡಿಗಳಲ್ಲಿ ಊರಿನಲ್ಲಿ ಬಳಸುತ್ತಿದ್ದ ಪೊಟ್ಟಣವೇ ದೊರೆಯುತ್ತದೆ. ಆದರೂ ಅದೇ ಪುಡಿಯಿಂದ, ಅದೇ ಕೈಯಿಂದ ಅಲ್ಲಿ ಮಾಡಿದ ಚಹಾ ನಾಲಿಗೆಗೆ ಹತ್ತುವುದಿಲ್ಲವೆಂಬ ದೂರು ಈ ಮನೆಗಳಲ್ಲಿ ಎಷ್ಟು ವರ್ಷವಾದರೂ ತೀರುವುದಿಲ್ಲ. ನೀರಿನ ಮೇಲೆ, ವಿದ್ಯುತ್ ಒಲೆಯ ಮೇಲೆ, ತಳ ದಪ್ಪಗಿರುವ ಪಾತ್ರೆಯ ಮೇಲೆ ತಪ್ಪು ಹೊರಿಸಿ ಸುಸ್ತಾದವರಲ್ಲಿ ಕೆಲವರು ಕೊನೆಗೆ ನಿಜವಾದ ಕೊರತೆಯನ್ನು ಗುರುತಿಸುತ್ತಾರೆ. ಅದು ಎಮ್ಮೆಯ ಹಾಲು. ಆ ಕೊರತೆಯನ್ನು ತುಂಬಿಕೊಳ್ಳಲು ಅವರು ನಡೆಸುವ ಪ್ರಯೋಗಗಳು ಕಾಲಕ್ರಮದಲ್ಲಿ ಒಂದು ಕಸುಬಿನಷ್ಟೇ ಸೂಕ್ಷ್ಮವಾದ ಹವ್ಯಾಸವಾಗಿ ಬೆಳೆದಿವೆ.

ಕನ್ನಡ ನಾಡೆಂದರೆ ಕಾಫಿಯ ನಾಡೆಂಬ ಮಾತು ತುಂಗಭದ್ರೆಯ ದಕ್ಷಿಣಕ್ಕೆ ಹೆಚ್ಚು ಸಲ್ಲುತ್ತದೆ. ಅದರ ಉತ್ತರಕ್ಕಿರುವ ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಈ ಸೀಮೆಯನ್ನು ಬೆಳಗಾವಿ, ಮೀರಜ್ ಮಾರ್ಗವಾಗಿ ಪುಣೆಗೆ ಜೋಡಿಸಿದಾಗಿನಿಂದ ಇಲ್ಲಿಯ ಪೇಟೆ, ನಾಟಕ, ಸಂಗೀತಗಳಂತೆ ಪಾನೀಯವೂ ಆ ದಿಕ್ಕಿಗೇ ಮುಖ ಮಾಡಿತು. ಮೈಸೂರು ಸೀಮೆಯಿಂದ ವರ್ಗವಾಗಿ ಧಾರವಾಡಕ್ಕೆ ಬಂದ ಅಧ್ಯಾಪಕರು, ಬ್ಯಾಂಕಿನವರು ಬೆಳಗಿನ ಫಿಲ್ಟರ್ ಕಾಫಿಗಾಗಿ ಪರದಾಡಿ, ಕೊನೆಗೆ ಉಡುಪಿ ಹೋಟೆಲಿನ ದಾರಿ ಹಿಡಿಯುತ್ತಿದ್ದುದು ಒಂದು ಬಗೆಯ ಒಳನಾಡಿನ ಪರದೇಶವಾಸವೇ ಆಗಿತ್ತೆನ್ನಬಹುದು. ಈ ಅವಳಿನಗರದಲ್ಲಿ ಮನೆಗೆ ಬಂದವರಿಗೆ ಕೊಡುವುದು ಚಹಾ, ಗಿರ್ಮಿಟ್ ಮತ್ತು ಮಿರ್ಚಿಯ ಪಕ್ಕದಲ್ಲಿ ನಿಲ್ಲುವುದು ಚಹಾ, ಧಾರವಾಡದ ಜಿಟಿಜಿಟಿ ಮಳೆ ಬೇಡುವುದೂ ಚಹಾ.

ಈ ಚಹಾದ ರುಚಿಯನ್ನು ಎರಡು ವಸ್ತುಗಳು ನಿರ್ಧರಿಸುತ್ತವೆ. ಮೊದಲನೆಯದು ಸಿಟಿಸಿ ಪುಡಿ, ಅಂದರೆ ಎಲೆಯನ್ನು ಹಲ್ಲುಳ್ಳ ಉರುಳೆಗಳ ನಡುವೆ ಹಾಯಿಸಿ ಜಜ್ಜಿ, ಹರಿದು, ಸಣ್ಣ ಕಾಳಾಗಿ ಸುರುಳಿಗಟ್ಟಿಸಿದ ಪುಡಿ. 1930ರ ಸುಮಾರಿಗೆ ಅಸ್ಸಾಮಿನ ತೋಟವೊಂದರಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಈ ವಿಧಾನದಿಂದ ಬಣ್ಣವೂ ಒಗರೂ ಬೇಗ ಇಳಿಯುವ, ಕಡಿಮೆ ಪುಡಿಯಲ್ಲಿ ಹೆಚ್ಚು ಕಪ್ಪುಗಳನ್ನು ಕೊಡುವ ಚಹಾ ಸಾಮಾನ್ಯರ ಕೈಗೆಟುಕಿತು. ಎರಡನೆಯದು ಹಾಲು. ಅರ್ಧಚಂದ್ರದಂತೆ ಹಿಂದಕ್ಕೆ ಬಾಗಿದ ಕೊಂಬಿನ ಧಾರವಾಡಿ ಎಮ್ಮೆಯನ್ನು ಪ್ರತ್ಯೇಕ ತಳಿಯೆಂದು 2021ರಲ್ಲಿ ರಾಷ್ಟ್ರಮಟ್ಟದಲ್ಲಿ ದಾಖಲಿಸಲಾಯಿತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಧಾರವಾಡ ಫೇಡೆಯ ಹೆಸರಿನ ಹಿಂದೆ ಇರುವುದೂ ಈ ಎಮ್ಮೆಯ ಹಾಲೇ. ಆಕಳ ಹಾಲಿನಲ್ಲಿ ಜಿಡ್ಡು ಸುಮಾರು ಶೇ. 3.5ರಿಂದ 4ರಷ್ಟಿದ್ದರೆ ಎಮ್ಮೆಯ ಹಾಲಿನಲ್ಲಿ ಅದು ಸಾಮಾನ್ಯವಾಗಿ ಶೇ. 6ರಿಂದ 8ರಷ್ಟಿರುತ್ತದೆ, ಪ್ರೋಟೀನೂ ಹೆಚ್ಚು. ಚಹಾದ ಒಗರಿಗೆ ಕಾರಣವಾದ ಪಾಲಿಫಿನಾಲ್ ಎಂಬ ದ್ರವ್ಯಗಳು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿಗೆ ಅಂಟಿಕೊಂಡಾಗ ನಾಲಿಗೆಯನ್ನು ಹಿಂಡುವುದನ್ನು ಬಿಡುತ್ತವೆ, ಆದ್ದರಿಂದ ಪುಡಿ ಎಷ್ಟು ಜೋರಾಗಿದ್ದರೆ ಹಾಲೂ ಅಷ್ಟೇ ಗಟ್ಟಿಯಾಗಿರಬೇಕೆಂಬುದು ಧಾರವಾಡದ ಚಹಾದಂಗಡಿಯವರು ರಸಾಯನಶಾಸ್ತ್ರ ಓದದೆಯೇ ಪಾಲಿಸಿಕೊಂಡು ಬಂದ ನಿಯಮ. ಖಡಕ್ ಚಹಾ ಎಂದು ಇಲ್ಲಿ ಕರೆಯುವುದು ಈ ಎರಡು ಬಲಗಳ ಸರಿಜೋಡಿಯನ್ನು. ಹಾಲು ಸೋತರೆ ಚಹಾ ಕಹಿಯಾಗುತ್ತದೆ, ಪುಡಿ ಸೋತರೆ ಸಿಹಿ ಹಾಲಾಗುತ್ತದೆ.

ಮಾಡುವ ಕ್ರಮದಲ್ಲಿಯೂ ಅವಸರಕ್ಕೆ ಎಡೆಯಿಲ್ಲ. ಈ ಸೀಮೆಯಲ್ಲಿ ಅಲ್ಲ ಎಂದು ಕರೆಯುವ ಹಸಿ ಶುಂಠಿಯನ್ನು ಜಜ್ಜಿ ಮೊದಲು ಬರೀ ನೀರಿನಲ್ಲಿ ಕುದಿಸುತ್ತಾರೆ. ಇದಕ್ಕೆ ರುಚಿಯ ಕಾರಣವಲ್ಲದೆ ಇನ್ನೊಂದು ಕಾರಣವೂ ಉಂಟು, ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವವೊಂದಿದ್ದು ಅದು ಬೆಚ್ಚಗಿನ ಹಾಲಿಗೆ ನೇರವಾಗಿ ಬಿದ್ದರೆ ಹಾಲು ಒಡೆಯುತ್ತದೆ, ಕುದಿಯುವ ನೀರಿನಲ್ಲಾದರೆ ಆ ಕಿಣ್ವ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಬಳಿಕ ಸಕ್ಕರೆ, ಆಮೇಲೆ ಪುಡಿ; ಪುಡಿ ಬಿದ್ದ ನೀರು ಕೆಂಪು ದಾಟಿ ಕಂದಿಗೆ ತಿರುಗಿದ ಮೇಲೆ ಹಾಲು. ಹಾಲು ಸೇರಿದ ಮೇಲಿನ ಕುದಿಯೇ ಈ ಚಹಾದ ಜೀವ: ಅದು ಉಕ್ಕಿ ಅಂಚಿಗೆ ಬರುವಾಗ ಪಾತ್ರೆಯನ್ನೆತ್ತಿ ಇಳಿಸಿ, ಮತ್ತೆ ಉಕ್ಕಲು ಬಿಟ್ಟು, ಹೀಗೆ ಕೆಲವು ಸಲ ಮಾಡಿದಾಗ ಹಾಲಿನ ಪ್ರೋಟೀನುಗಳು ಶಾಖಕ್ಕೆ ಬಿಚ್ಚಿಕೊಂಡು ಕಾದ ಹಾಲಿನ ಪರಿಮಳ ಬಿಡುತ್ತವೆ, ನೀರಿನಂಶ ಸ್ವಲ್ಪ ಇಂಗಿ ಮೈ ದಪ್ಪವಾಗುತ್ತದೆ, ಬಣ್ಣ ಇಟ್ಟಿಗೆಯ ಕಡೆಗೆ ಹೊರಳುತ್ತದೆ. ಯಾಲಕ್ಕಿ ಹಾಕುವವರು ಕೊನೆಗೆ ಹಾಕುತ್ತಾರೆ. ಅದನ್ನು ಮೊದಲೇ ಹಾಕಿ ಕುದಿಸಿ ಪರಿಮಳವನ್ನೆಲ್ಲ ಅಡುಗೆಮನೆಯ ಗೋಡೆಗೆ ಕುಡಿಸುವುದು ಕಲಿಯುವವರ ಲಕ್ಷಣ. ಸೋಸಿ ಕಪ್ಪಿಗೆ ಹೊಯ್ದು, ಕಪ್ಪಿನಿಂದ ಬಸಿಗೆ, ಅಂದರೆ ತಟ್ಟೆಯಂಥ ಕೈಬಟ್ಟಲಿಗೆ, ಸುರುವಿಕೊಂಡು ಕುಡಿಯುವುದು ಹಿರಿಯರ ಪದ್ಧತಿ. ಅಗಲವಾದ ಬಸಿಯಲ್ಲಿ ಚಹಾ ಬೇಗ ಆರುತ್ತದೆ, ಆದರೆ ಕಪ್ಪಿನಲ್ಲಿ ಉಳಿದದ್ದು ಬಿಸಿಯಾಗಿಯೇ ಇರುತ್ತದೆ. ಸರಳವಾದ ಈ ಉಪಾಯವನ್ನು ಅಸಭ್ಯವೆಂದು ಕೈಬಿಟ್ಟ ತಲೆಮಾರು ನಾಲಿಗೆ ಸುಟ್ಟುಕೊಂಡಿದ್ದೇ ಬಂತು.

ಇಂಥ ಚಹಾಕ್ಕೆ ಒಗ್ಗಿದವರು ಅಮೆರಿಕದ ಕಚೇರಿಯೊಂದರ ಪಾನೀಯದ ಮೂಲೆಯಲ್ಲಿ ನಿಂತಾಗ ಎದುರಾಗುವುದು ಕ್ರೀಮರ್. ಹಾಲಿನ ಬದಲು ಕಾಫಿಗೆ ಬೆರೆಸುವ ಪುಡಿ ಅಥವಾ ದ್ರವಕ್ಕೆ ಈ ಹೆಸರಿದ್ದು, ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದ ಕಾಫಿ-ಮೇಟ್ ಅನ್ನು ಕಾರ್ನೇಷನ್ ಕಂಪನಿ 1961ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಇರುವುದು ಮುಖ್ಯವಾಗಿ ಮೆಕ್ಕೆಜೋಳದ ಸಕ್ಕರೆಯ ಪುಡಿ, ಸಸ್ಯಜನ್ಯ ಎಣ್ಣೆ, ಹಾಲಿನಿಂದ ಬೇರ್ಪಡಿಸಿದ ಅಲ್ಪ ಕೇಸೀನ್ ಲವಣ, ಮತ್ತು ಹುಳಿಯುಳ್ಳ ಬಿಸಿ ಕಾಫಿಯಲ್ಲಿ ಗಂಟುಗಟ್ಟದಂತೆ ತಡೆಯುವ ಫಾಸ್ಫೇಟ್ ಲವಣ. ಅದನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ತಂಪುಪೆಟ್ಟಿಗೆಯಿಲ್ಲದೆ ತಿಂಗಳುಗಟ್ಟಲೆ ಉಳಿಯಬೇಕು, ತಯಾರಾದ ಪಾನೀಯಕ್ಕೆ ಕೊನೆಯಲ್ಲಿ ಒಂದು ಚಮಚ ಬೀಳಬೇಕು ಎಂಬ ಉದ್ದೇಶಕ್ಕೆ ಅದು ಚೆನ್ನಾಗಿಯೇ ಒದಗುತ್ತದೆ. ಆ ನಾಡಿನ ಕಾಫಿಯಲ್ಲಿ ಹಾಲು ಕೊನೆಗೆ ಬಂದು ಸೇರುವ ಅತಿಥಿ, ಧಾರವಾಡದ ಚಹಾದಲ್ಲಿ ಅದು ಕುದಿಯುವ ಮನೆಯವನು. ಅತಿಥಿಗಾಗಿ ಹೊಲಿದ ಅಂಗಿಯನ್ನು ಮನೆಯವನಿಗೆ ತೊಡಿಸಿದರೆ ಹೊಂದುವುದಿಲ್ಲ. ಕ್ರೀಮರ್ ಬೆರೆಸಿದ ಚಹಾ ಬೆಳ್ಳಗಾಗುತ್ತದೆ, ಆದರೆ ಅದರ ಕೇಸೀನ್ ಸಿಟಿಸಿಯ ಒಗರನ್ನು ಹಿಡಿಯುವಷ್ಟಿಲ್ಲದ್ದರಿಂದ ನಾಲಿಗೆಯ ತುದಿಯಲ್ಲಿ ಎಣ್ಣೆಯ ನುಣುಪು, ಬುಡದಲ್ಲಿ ಕಹಿ, ಇವೆರಡೂ ಒಂದಕ್ಕೊಂದು ಮಾತಾಡದೆ ಉಳಿಯುತ್ತವೆ.

ಆಮೇಲೆ ಅಂಗಡಿಯ ಹಾಲಿನ ಕಪಾಟಿನ ಅಧ್ಯಯನ ಆರಂಭವಾಗುತ್ತದೆ. ಅಲ್ಲಿ ಪೂರ್ಣ ಹಾಲೆಂದು ಮಾರುವುದರಲ್ಲಿ ಶೇ. 3.25ರಷ್ಟು ಜಿಡ್ಡು ಇರುತ್ತದೆ, ಅದೂ ಏಕರೂಪಗೊಳಿಸಿದ್ದು, ಅಂದರೆ ಫ್ರಾನ್ಸಿನ ಓಗ್ಯುಸ್ತ್ ಗೋಲಾಂ 1899ರಲ್ಲಿ ಹಕ್ಕುಪತ್ರ ಪಡೆದ ಯಂತ್ರದ ಮಾದರಿಯಲ್ಲಿ ಹೆಚ್ಚಿನ ಒತ್ತಡದಿಂದ ಸಣ್ಣ ರಂಧ್ರಗಳ ಮೂಲಕ ಹಾಯಿಸಿ ಜಿಡ್ಡಿನ ಕಣಗಳನ್ನು ಪುಡಿಗುಟ್ಟಿದ್ದು. ಇಂಥ ಹಾಲನ್ನು ಎಷ್ಟು ಕಾಯಿಸಿ ಆರಿಸಿದರೂ ಬೆರಳ ದಪ್ಪದ ಕೆನೆ ಕಟ್ಟುವುದಿಲ್ಲ. ಅದರ ಪಕ್ಕದಲ್ಲಿರುವ ಹಾಫ್ ಅಂಡ್ ಹಾಫ್ ಎಂಬುದು ಹಾಲು ಮತ್ತು ಕೆನೆಗಳ ಮಿಶ್ರಣ, ಜಿಡ್ಡು ಕನಿಷ್ಠ ಶೇ. 10.5. ಹೊಸದಾಗಿ ಹೋದವರು ಇದನ್ನು ಕಂಡು ಹಿಗ್ಗಿ, ಇಡೀ ಚಹಾವನ್ನು ಇದರಲ್ಲೇ ಕುದಿಸಿ, ಮೇಲೆ ಜಿಡ್ಡು ತೇಲುವ, ಆದರೂ ಒಗರು ತಗ್ಗದ ಪಾನೀಯವೊಂದನ್ನು ಪಡೆದು ನಿರಾಶರಾಗುತ್ತಾರೆ, ಏಕೆಂದರೆ ಕೆನೆ ಹೆಚ್ಚಿದಂತೆ ಪ್ರೋಟೀನು ಹೆಚ್ಚುವುದಿಲ್ಲ. ಡಬ್ಬಿಯಲ್ಲಿ ಬರುವ ಇವಾಪರೇಟೆಡ್ ಹಾಲು, ಅಂದರೆ ಸಕ್ಕರೆ ಸೇರಿಸದೆ ಅರ್ಧಕ್ಕಿಂತ ಹೆಚ್ಚು ನೀರನ್ನು ಆವಿಯಾಗಿಸಿದ ಹಾಲು, ಜಿಡ್ಡು ಮತ್ತು ಪ್ರೋಟೀನು ಎರಡನ್ನೂ ಕೊಡುತ್ತದಾದರೂ ಡಬ್ಬಿಯೊಳಗೇ ಬೆಂದ ಕಾರಣ ಕಂದಿದ ಸಕ್ಕರೆಯ ವಾಸನೆಯೊಂದನ್ನು ಜೊತೆಗೆ ತರುತ್ತದೆ. ದುಬೈ, ದೋಹಾಗಳ ಬೀದಿಬದಿಯಲ್ಲಿ ಮಾರುವ ಕರಕ್ ಚಹಾಕ್ಕೆ ಈ ಡಬ್ಬಿಹಾಲೇ ಆಧಾರವಾಗಿದ್ದು, ಹೊರನಾಡಿಗೆ ಹೋದ ಧಾರವಾಡದವರಲ್ಲಿ ಕೊಲ್ಲಿಯ ಕಡೆಯವರು ಚಹಾದ ಬಗ್ಗೆ ಅಷ್ಟಾಗಿ ಗೊಣಗದಿರುವುದಕ್ಕೆ ಇದೇ ಕಾರಣವಿರಬೇಕು.

ಅನುಭವಿಗಳು ಕೊನೆಗೆ ಬಂದು ನಿಲ್ಲುವ ಸೂತ್ರ ಬೇರೆಯಾಗಿದೆ. ಪೂರ್ಣ ಹಾಲು ಮತ್ತು ಹಾಫ್ ಅಂಡ್ ಹಾಫ್ ಸಮಪಾಲು ಬೆರೆಸಿದರೆ ಜಿಡ್ಡು ಶೇ. 7ರ ಆಸುಪಾಸಿಗೆ ಬರುತ್ತದೆ, ಅಂದರೆ ಎಮ್ಮೆಯ ಹಾಲಿನ ಮಟ್ಟಕ್ಕೆ. ಅದರ ಒಂದು ದೊಡ್ಡ ಲೋಟಕ್ಕೆ ಒಂದು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿಯನ್ನು ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಸಿದರೆ ಪ್ರೋಟೀನು ಸುಮಾರು ಶೇ. 4ನ್ನು ದಾಟುತ್ತದೆ, ಅದೂ ಎಮ್ಮೆಯ ಹಾಲಿನ ಅಳತೆಯೇ. ಕಾಗದದ ಮೇಲೆ ಇಲ್ಲಿಗೆ ಲೆಕ್ಕ ಮುಗಿಯಿತು; ಒಲೆಯ ಮೇಲೆ ಮಾತ್ರ ಇನ್ನೊಂದಿಷ್ಟು ಉಳಿದಿರುತ್ತದೆ, ಏಕೆಂದರೆ ಪುಡಿ ಬೆರೆತ ಹಾಲು ತಳ ಹಿಡಿಯುವ ಸ್ವಭಾವದ್ದು, ಕೈ ನಿಲ್ಲಿಸದೆ ತಿರುವಬೇಕು, ಮತ್ತು ಸುರುಳಿ ತಂತಿಯ ವಿದ್ಯುತ್ ಒಲೆಯಲ್ಲಿ ಉರಿ ತಗ್ಗಿಸಿದರೂ ಶಾಖ ಕೂಡಲೇ ತಗ್ಗದ ಕಾರಣ ಉಕ್ಕುವ ಕ್ಷಣದಲ್ಲಿ ಪಾತ್ರೆಯನ್ನೇ ಎತ್ತಿ ಪಕ್ಕಕ್ಕೆ ಹಿಡಿಯಬೇಕು. ಜರ್ಮನಿ, ಫ್ರಾನ್ಸ್‌ಗಳಲ್ಲಿ ನೆಲೆಸಿದವರಿಗೆ ಒಂದು ಅನುಕೂಲವುಂಟು: ಅಲ್ಲಿ ಬಹಳವಾಗಿ ಬಳಕೆಯಲ್ಲಿರುವ, ಸುಮಾರು 135 ಡಿಗ್ರಿ ಶಾಖದಲ್ಲಿ ಕೆಲವೇ ಕ್ಷಣ ಕಾಯಿಸಿ ಮುಚ್ಚಿದ ದೀರ್ಘಬಾಳಿಕೆಯ ಹಾಲಿನಲ್ಲಿ ಕಾದ ಹಾಲಿನ ವಾಸನೆ ಮೊದಲೇ ಇರುವುದರಿಂದ, ಸ್ಥಳೀಯರು ಮೂಗು ಮುರಿಯುವ ಆ ಗುಣವೇ ಚಹಾಕ್ಕೆ ಒದಗಿಬರುತ್ತದೆ.

ಕಾಫಿಯ ಪಕ್ಷದವರ ಸಮಸ್ಯೆ ಇಷ್ಟು ಜಟಿಲವಲ್ಲ. ಅವರು ಹುಡುಕುವುದು ಹಾಲಿನ ಜೊತೆಗೆ ಚಿಕೋರಿಯನ್ನು, ಅಂದರೆ ಹುರಿದು ಪುಡಿಮಾಡಿ ಕಾಫಿಗೆ ಬೆರೆಸುವ, ಕೆಫೀನ್ ಇಲ್ಲದ, ಡಿಕಾಕ್ಷನ್ನಿಗೆ ಬಣ್ಣ ಮತ್ತು ಮಂದತೆ ಕೊಡುವ ಒಂದು ಗಿಡದ ಬೇರನ್ನು. ಭಾರತದ ನಿಯಮದ ಪ್ರಕಾರ ಮಿಶ್ರಣದಲ್ಲಿ ಅದು ಶೇ. 49ರವರೆಗೂ ಇರಬಹುದು. ಫ್ರೆಂಚರ ಮೂಲಕ ಇದೇ ರೂಢಿ ಬೆಳೆದ ನ್ಯೂ ಆರ್ಲಿಯನ್ಸ್‌ನಲ್ಲಿ 1862ರಿಂದ ನಡೆಯುತ್ತಿರುವ ಕೆಫೆ ದು ಮೋಂಡ್‌ನ ಚಿಕೋರಿ ಬೆರೆತ ಕಾಫಿಡಬ್ಬಿಯನ್ನು ದಕ್ಷಿಣ ಭಾರತದ ಮನೆಗಳು ಕಂಡುಕೊಂಡದ್ದರಿಂದ ಸ್ಟೀಲಿನ ಫಿಲ್ಟರಿಗೆ ಅಮೆರಿಕದಲ್ಲಿಯೂ ಅನ್ನ ದೊರೆತಂತಾಯಿತು.

ಕಾಫಿಯಂಗಡಿಗಳಲ್ಲಿ ಮಾರುವ ಚಾಯ್ ಲಾಟೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಸಾಮಾನ್ಯವಾಗಿ ಮೊದಲೇ ಸಿದ್ಧಪಡಿಸಿದ ಸಿಹಿ ಮಸಾಲೆ ದ್ರಾವಣಕ್ಕೆ ನೊರೆಹಾಲು ಸುರಿದು ಕೊಡುವ ಆ ಪಾನೀಯವನ್ನು ಚಹಾದ ನೆಂಟನೆಂದು ಒಪ್ಪಿಕೊಳ್ಳಬಹುದು, ದೂರದ ನೆಂಟ. ಅದಕ್ಕಿಂತ ಹೆಚ್ಚು ಕಾಡುವುದು ಅದರ ಪ್ರಮಾಣ. ಅಲ್ಲಿಯ ಸಣ್ಣದೆನಿಸಿಕೊಂಡ ಕಪ್ಪಿನಲ್ಲಿಯೇ 350 ಮಿಲಿಲೀಟರಿನಷ್ಟು ಹಿಡಿಯುತ್ತದೆ. ಒಂದೇ ಚಹಾವನ್ನು ಇಬ್ಬರಿಗೆ ಹಂಚಿಕೊಡುವ ವನ್ ಬೈ ಟೂ ಎಂಬ ನಮ್ಮ ಹೋಟೆಲುಗಳ ಉದಾರ ಪದ್ಧತಿಯನ್ನು ಅಲ್ಲಿಯ ಕೌಂಟರಿನಲ್ಲಿ ಕೇಳಲು ಸಾಧ್ಯವೇ ಇಲ್ಲ. ಹುಬ್ಬಳ್ಳಿಯಲ್ಲಿ ಚಹಾ ಎಂಬುದು ಸಣ್ಣ ಪ್ರಮಾಣದಲ್ಲಿ ದಿನಕ್ಕೆ ಹಲವು ಸಲ, ಬೇರೆ ಬೇರೆ ಮಂದಿಯೊಂದಿಗೆ ನಿಂತು ಕುಡಿಯುವಂಥದ್ದು. ಒಂದೇ ದೊಡ್ಡ ಮುಚ್ಚಳದ ಲೋಟವನ್ನು ಮೇಜಿನ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಒಬ್ಬರೇ ಗುಟುಕರಿಸುವಾಗ ಕೊರತೆಯೆನಿಸುವುದು ಹಾಲಿನದಷ್ಟೇ ಆಗಿರುವುದಿಲ್ಲ, ಮತ್ತು ಇದಕ್ಕೆ ಯಾವ ಮಿಶ್ರಣದಿಂದಲೂ ಪರಿಹಾರವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಊರಿನ ಈಗಿನ ಹಾಲಿನ ಕಡೆಗೂ ನೋಡಬೇಕಾಗುತ್ತದೆ. ಹುಬ್ಬಳ್ಳಿಯ ಗೌಳಿ ಗಲ್ಲಿಯಂಥ ಕಡೆ ಗೌಳಿಗರು, ಅಂದರೆ ಎಮ್ಮೆ ಸಾಕಿ ಹಾಲು ಮಾರುವ ಸಮುದಾಯದವರು, ದೀಪಾವಳಿಯಲ್ಲಿ ಎಮ್ಮೆಗಳನ್ನು ಸಿಂಗರಿಸಿ ಓಡಿಸುವ ಪದ್ಧತಿ ಉಳಿದಿದೆ, ಆದರೆ ಅವಳಿನಗರದ ಎಷ್ಟೋ ಮನೆಗಳಿಗೆ ಬೆಳಿಗ್ಗೆ ಬರುವುದು ಪ್ಯಾಕೆಟ್ ಹಾಲು, ಅದರಲ್ಲಿಯೂ ಅಗ್ಗವಾದ ಟೋನ್ಡ್ ಹಾಲು. ಟೋನ್ಡ್ ಎಂದರೆ ಎಮ್ಮೆಯ ಗಟ್ಟಿ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ನೀರನ್ನೂ ಬೆರೆಸಿ ಹೆಚ್ಚು ಜನರಿಗೆ ಹಾಲು ಒದಗುವಂತೆ ಮಾಡಲು 1940ರ ದಶಕದಲ್ಲಿ ಮುಂಬಯಿಯಲ್ಲಿ ದಾರಾ ಖುರೋಡಿ ಜಾರಿಗೆ ತಂದ ವಿಧಾನ. ಅದರ ನಿಗದಿತ ಜಿಡ್ಡು ಶೇ. 3, ಅಂದರೆ ಅಮೆರಿಕದ ಪೂರ್ಣ ಹಾಲಿಗಿಂತಲೂ ತುಸು ಕಡಿಮೆ. ಎಮ್ಮೆಯ ಹಾಲನ್ನು ತೆಳ್ಳಗೆ ಮಾಡಲು ಇಲ್ಲಿ ಬಳಸಿದ ಅದೇ ಪುಡಿಯಿಂದ ಡಲ್ಲಾಸ್‌ನಲ್ಲಿರುವ ಮಗಳು ಎಮ್ಮೆಯ ಹಾಲನ್ನು ಕಟ್ಟುತ್ತಿದ್ದರೆ, ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ತಾಯಿ ಪ್ಯಾಕೆಟ್ ಹಾಲಿಗೆ ರೂಢಿಯಂತೆ ಅರ್ಧ ನೀರು ಬೆರೆಸಿ ಚಹಾಕ್ಕಿಡುತ್ತಾಳೆ. ಸೂಟಿಗೆ ಊರಿಗೆ ಬಂದ ಇಂಥ ಮಕ್ಕಳು ತವರಿನ ಅಡುಗೆಮನೆಯಲ್ಲಿಯೂ ಹಾಲಿನ ಪುಡಿಯ ಡಬ್ಬಿ ಹುಡುಕುವುದುಂಟು. ಮನೆಯ ಹಿರಿಯರು ಇದನ್ನು ಪರದೇಶದ ಸೊಕ್ಕೆಂದು ತಿಳಿದುಕೊಳ್ಳುತ್ತಾರೆ, ಎರಡನೆಯ ಕಪ್ಪು ಮಾತ್ರ ತಾವೇ ಕೇಳಿ ಹಾಕಿಸಿಕೊಳ್ಳುತ್ತಾರೆ.