ಮೇಸ್ತ್ರಿ ಬೆನ್ನು ತಿರುಗಿಸಿ ಕೂರುತ್ತಿದ್ದರು

ಎಂಬತ್ತರ ದಶಕದ ನಡುವೆ ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಓಣಿಯೊಂದರಲ್ಲಿ ನಾನು ಬೀಗ ರಿಪೇರಿ ಕೆಲಸಕ್ಕೆ ಸೇರಿದಾಗ ಅಲ್ಲಿ ಕಲಿಸುವ ರೂಢಿಯೇ ಇರಲಿಲ್ಲ. ಅಂಗಡಿ ಎಂದರೆ ಒಂದು ಮರದ ಪೆಟ್ಟಿಗೆ, ಬೆಂಚಿಗೆ ಬಿಗಿದ ವೈಸು, ತಂತಿಗೆ ಪೋಣಿಸಿದ ಕೀ ಬ್ಲ್ಯಾಂಕುಗಳು, ಸಣ್ಣವು ದೊಡ್ಡವು ಸೇರಿ ಹತ್ತಾರು ಅರಗಳು. ಮೇಸ್ತ್ರಿ ಕೆಲಸ ಮಾಡುತ್ತಿದ್ದರು. ಹುಡುಗರು ನಾವು ಅರಕ್ಕೆ ಮೆತ್ತಿದ ಹಿತ್ತಾಳೆ ಪುಡಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದೆವು, ತುಕ್ಕು ಹಿಡಿದ ಬೀಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಿದ್ದೆವು, ಚಹಾ ತರುತ್ತಿದ್ದೆವು. ಬೀಗ ಇನ್ನೇನು ತೆರೆಯಬೇಕು ಎನ್ನುವಷ್ಟರಲ್ಲಿ ಅವರು ಬೆನ್ನು ತಿರುಗಿಸಿ ಕೂರುತ್ತಿದ್ದರು. ಹೆಗಲು ಅಲುಗುವುದು ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ.

ಇಂಥದ್ದನ್ನು ಗುರುಕುಲ ಎಂದು ಹೊಗಳುವವರು ಈಗ ಇದ್ದಾರೆ. ನಾನು ಹೊಗಳಲಾರೆ. ಮಧ್ಯಾಹ್ನದ ಊಟ, ಬಸ್ ಚಾರ್ಜು ಬಿಟ್ಟರೆ ಸಂಬಳ ಎನ್ನುವಂಥದ್ದೇನೂ ಇರಲಿಲ್ಲ. ಒಂದು ವಾರದಲ್ಲಿ ಹೇಳಿಕೊಡಬಹುದಾದ್ದನ್ನು ವರ್ಷಗಟ್ಟಲೆ ಕದ್ದು ನೋಡಿ ಕಲಿಯಬೇಕಿತ್ತು. ಮೇಸ್ತ್ರಿಯ ಕಾರಣವೂ ಸುಳ್ಳಲ್ಲ. ಕೈಚಳಕ ಪೂರ್ತಿ ಗೊತ್ತಾದ ಹುಡುಗ ಮರುವರ್ಷ ಎದುರಿಗೇ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ. ಗುಟ್ಟು ಅವರ ಪಾಲಿಗೆ ಅನ್ನ.

ನನಗೆ ಮೊದಲು ಒಲಿದದ್ದು ಬೀಗ ಬಿಚ್ಚದೆ ಅದಕ್ಕೆ ಕೀ ಮಾಡುವ ಕೆಲಸ. ಊರೂರ ಫುಟ್‌ಪಾತಿನಲ್ಲಿ ಛತ್ರಿ ಕೆಳಗೆ ಕೂತವರು ಇವತ್ತಿಗೂ ಮಾಡುವುದು ಇದನ್ನೇ. ಹಲ್ಲು ಕೊರೆಯದ ಹಿತ್ತಾಳೆ ಬ್ಲ್ಯಾಂಕಿನ ಅಂಚನ್ನು ಮೊದಲು ನಯವಾಗಿ ಉಜ್ಜಬೇಕು. ಅದನ್ನು ಬೀಗಕ್ಕೆ ಹಾಕಿ, ಬಿಗಿಯಾಗಿ ತಿರುವಿ ಹಿಡಿದು, ಮೇಲೆ ಕೆಳಗೆ ಚೂರು ಆಡಿಸಿ, ಹೊರಗೆಳೆದು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಒಳಗಿನ ಯಾವ ಪಿನ್ನು ಸಿಕ್ಕಿಕೊಂಡಿತ್ತೋ ಅದು ಅಂಚಿನ ಮೇಲೆ ಸೂಜಿಮೊನೆಯಷ್ಟು ಹೊಳೆಯುವ ಗುರುತು ಬಿಟ್ಟಿರುತ್ತದೆ. ಆ ಜಾಗಕ್ಕೆ ಮಾತ್ರ ಅರ ತಾಗಿಸಿ ಮತ್ತೆ ಹಾಕುವುದು, ಮತ್ತೆ ನೋಡುವುದು. ಗುರುತು ಬೀಳುವುದು ನಿಂತರೆ ಆ ಹಲ್ಲಿನ ಆಳ ಸರಿಹೋಯಿತು ಎಂದರ್ಥ. ಒಂದೇ ಒಂದು ಎಳೆತ ಹೆಚ್ಚಾದರೂ ಬ್ಲ್ಯಾಂಕು ಹಾಳು, ಹೊಸತರಿಂದ ಶುರು. ಎಲ್ಲ ಹಲ್ಲೂ ಕೂಡಿ ಬಂದಾಗ ಕೀ ತಾನಾಗಿ ತಿರುಗುತ್ತದೆ. ಇದಕ್ಕೆ ಬಲ ಬೇಡ, ಕಣ್ಣು ಬೇಕು. ಅಂಗಡಿಯಲ್ಲಿ ಬಲ್ಬಿಗಿಂತ ಬಾಗಿಲ ಕಡೆಯ ಬೆಳಕಿಗೆ ಬೆಲೆ ಜಾಸ್ತಿ ಇತ್ತು. ಮೇಸ್ತ್ರಿ ಕೂರುತ್ತಿದ್ದದ್ದು ಅಲ್ಲೇ.

ಆಗ ಕೈಗೆ ಬರುತ್ತಿದ್ದವು ಹೆಚ್ಚಾಗಿ ಅಲಿಗಢದ ಬೀಗಗಳು, ದಿಂಡಿಗಲ್‌ನ ದಪ್ಪ ಕಬ್ಬಿಣದವು, ಅನುಕೂಲಸ್ಥರ ಮನೆಯ ಗೋದ್ರೆಜ್ ಬೀಗಗಳು. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬೈಯಲ್ಲಿ ಕಸುಬು ಶುರುಮಾಡಿದ್ದೇ ಬೀಗದಿಂದ, ಬೀರು ಬಂದದ್ದು ಆಮೇಲೆ. ಇವುಗಳಲ್ಲಿ ಬಹುಪಾಲು ಲಿವರ್ ಬೀಗಗಳು. ಒಂದರ ಮೇಲೊಂದು ಕೂತ ಹಿತ್ತಾಳೆ ಪಟ್ಟಿಗಳನ್ನು ಕೀ ಎತ್ತುತ್ತದೆ. ಪ್ರತಿ ಪಟ್ಟಿಯಲ್ಲೂ ಒಂದು ಕಂಡಿ. ಎಲ್ಲ ಕಂಡಿಗಳೂ ಒಂದೇ ಸಾಲಿಗೆ ಬಂದರೆ ಮಾತ್ರ ಒಳಗಿನ ಗೂಟ ದಾಟಿಹೋಗುತ್ತದೆ. ಕಡಿಮೆ ಎತ್ತಿದರೂ ಆಗದು, ಹೆಚ್ಚು ಎತ್ತಿದರೂ ಆಗದು. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಕಂಡುಕೊಂಡ ಈ ಉಪಾಯವೇ ನಮ್ಮ ತಾತಂದಿರ ತಿಜೋರಿಗಳನ್ನೂ ಕಾದದ್ದು.

ಆದರೆ ಕಾಯುತ್ತಿದೆ ಎಂದು ಜನ ನಂಬಿದ ಎಲ್ಲ ಬೀಗಗಳೂ ಕಾಯುತ್ತಿರಲಿಲ್ಲ. ಏಳು ಲಿವರ್ ಎಂದು ಮುದ್ರೆ ಒತ್ತಿದ ಅಗ್ಗದ ಬೀಗವನ್ನು ಬಿಚ್ಚಿದರೆ ಒಳಗೆ ಅಷ್ಟು ಲಿವರ್ ಸಿಗುತ್ತಿರಲಿಲ್ಲ. ಒಂದೇ ತಯಾರಿಕೆಯ ಸಣ್ಣ ಬೀಗಗಳಲ್ಲಿ ಕೀಗಳ ಬಗೆಯೂ ಬೆರಳೆಣಿಕೆಯಷ್ಟೇ. ಒಂದು ಗೊಂಚಲು ಹಳೆಯ ಕೀ ಇಟ್ಟುಕೊಂಡವನು ಸಂತೆಯಲ್ಲಿ ಮಾರುವ ಎಷ್ಟೋ ಬೀಗಗಳನ್ನು ಪರಿಶ್ರಮವಿಲ್ಲದೆ ತೆಗೆಯಬಲ್ಲವನಾಗಿದ್ದ. ಇದು ನಮಗೆ ಗೊತ್ತಿತ್ತು, ಕಳ್ಳರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಕಾಸು ಕೊಟ್ಟು ಬೀಗ ಕೊಂಡವರು ಮಾತ್ರ. ಮೇಸ್ತ್ರಿ ಬೆನ್ನ ಹಿಂದೆ ಬಚ್ಚಿಟ್ಟ ವಿದ್ಯೆ ಊರನ್ನು ಕಾಪಾಡುತ್ತಿದೆ ಎಂದು ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಅದು ಕಾಪಾಡಿದ್ದು ಕಳಪೆ ಬೀಗ ಮಾರುವವರನ್ನು.

ಗುಟ್ಟನ್ನು ಬಚ್ಚಿಡಬೇಕೋ ಬಯಲು ಮಾಡಬೇಕೋ ಎಂಬ ಜಗಳ ಹಳೆಯದು ಎಂಬುದು ನನಗೆ ತಿಳಿದದ್ದು ಆಮೇಲೆ, ಓದಿನಿಂದ. ಲಂಡನ್ನಿನ ಜೋಸೆಫ್ ಬ್ರಾಮಾ 1790ರಲ್ಲಿ ತನ್ನ ಅಂಗಡಿಯ ಕಿಟಕಿಯಲ್ಲಿ ಬೀಗವೊಂದನ್ನಿಟ್ಟು, ಇದನ್ನು ಉಪಕರಣದಿಂದ ತೆರೆದವರಿಗೆ 200 ಗಿನಿ ಎಂದು ಸವಾಲು ಹಾಕಿದ್ದ. ಜೆರೆಮಯಾ ಚಬ್ 1818ರಲ್ಲಿ ಮಾಡಿದ ಬೀಗವಂತೂ ಯಾರಾದರೂ ಲಿವರನ್ನು ಅತಿಯಾಗಿ ಎತ್ತಿದರೆ ಅಲ್ಲೇ ಕಚ್ಚಿಕೊಂಡು, ಕೈಯಾಡಿಸಿದ್ದಾರೆ ಎಂದು ಯಜಮಾನನಿಗೆ ತಿಳಿಸುತ್ತಿತ್ತು. 1851ರ ಲಂಡನ್ ಮಹಾ ಪ್ರದರ್ಶನದ ಹೊತ್ತಿಗೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗದ ಕಸುಬಿನವನು ಸಾಕ್ಷಿಗಳ ಎದುರು ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದ. ಬ್ರಾಮಾ ಬೀಗಕ್ಕೆ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತ, ಅದೂ ತೆರೆಯಿತು. ದೋಷವನ್ನು ಹೀಗೆ ಬಹಿರಂಗ ಮಾಡುವುದು ಸರಿಯೇ ಎಂಬ ಗದ್ದಲ ಆಗಲೇ ಎದ್ದಿತ್ತು. ಕಳ್ಳರು ತಮ್ಮ ಕಸುಬಿನಲ್ಲಿ ನಮಗಿಂತ ಮುಂದಿದ್ದಾರೆ, ಹೊಸದಾಗಿ ತಿಳಿಯಬೇಕಾದವರು ಬೀಗ ಕೊಳ್ಳುವವರು ಎಂಬ ಉತ್ತರವೂ ಆಗಲೇ ಬಂದಿತ್ತು. ಆ ಉತ್ತರ ನನಗೆ ಇವತ್ತಿಗೂ ಒಪ್ಪಿಗೆ. ಆಮೇಲೆ ಬೀಗಗಳು ಸುಧಾರಿಸಿದ್ದು ಹಾಬ್ಸ್‌ನಂಥವರು ಎಲ್ಲರೆದುರು ತೆರೆದು ತೋರಿಸಿದ್ದರಿಂದ.

ಅಮೆರಿಕದ ಎಂಐಟಿ ವಿದ್ಯಾರ್ಥಿಗಳ ಬಳಗದಿಂದ 1991ರಲ್ಲಿ ಹೊರಬಂದ ಬೀಗ ತೆರೆಯುವ ಕೈಪಿಡಿಯೊಂದಿದೆ. ಅದರ ಜೆರಾಕ್ಸ್ ನನ್ನ ಕೈಗೆ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಅಷ್ಟರಲ್ಲಿ ನಾನು ಅಂಗಡಿ ಬಿಟ್ಟು ಬೇರೆ ನೌಕರಿ ಹಿಡಿದಿದ್ದೆ, ಬೀಗ ಹವ್ಯಾಸವಾಗಿ ಉಳಿದಿತ್ತು. ಓಣಿಯಲ್ಲಿ ನಾನು ಹೆಗಲ ಅಲುಗಾಟ ನೋಡಿ ಊಹಿಸಿದ್ದೆಲ್ಲ ಅದರಲ್ಲಿ ಚಿತ್ರ ಸಮೇತ ಇತ್ತು. ಓದುತ್ತ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು.

ಈಗ ಪಕ್ಕದ ಮನೆಯ ಹುಡುಗಿ ಬೀಗ ತೆರೆಯಲು ಕಲಿಯುತ್ತಿದ್ದಾಳೆ. ಇಂಜಿನಿಯರಿಂಗ್ ಓದು. ಆಗ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ಗಿರಾಕಿಯಾಗಿ ಬಂದರೂ ಅಂಗಡಿಯಿಂದ ಮಾರು ದೂರ ನಿಲ್ಲುತ್ತಿದ್ದರು. ಇವಳು ಆನ್‌ಲೈನಿನಲ್ಲಿ ಪಾರದರ್ಶಕ ಅಕ್ರಿಲಿಕ್ ಬೀಗ ತರಿಸಿಕೊಂಡು, ವಿಡಿಯೊ ನೋಡಿ, ಗೊತ್ತಾಗದ್ದನ್ನು ನನ್ನ ಹತ್ತಿರ ಕೇಳುತ್ತಾಳೆ. ಒಳಗಿನ ಪಿನ್ನುಗಳು ಏಳುವುದು, ಕೂರುವುದು ಎಲ್ಲ ಹೊರಗಿನಿಂದಲೇ ಕಾಣುತ್ತದೆ. ಇದು ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಈಗಿನ ರೂಪಕ್ಕೆ ತಂದ ಪಿನ್ ಬೀಗ. ಇವತ್ತು ನಮ್ಮ ಎಷ್ಟೋ ಮನೆಗಳ ಮುಂಬಾಗಿಲಲ್ಲಿ ಇರುವುದು ಅದೇ. ಅದನ್ನು ಕೀ ಇಲ್ಲದೆ ತೆರೆಯಲು ಸಾಧ್ಯವಾಗುವುದು ಪಿನ್ನುಗಳ ತೂತುಗಳು ಪಕ್ಕಾ ಒಂದೇ ಗೆರೆಯಲ್ಲಿ ಕೊರೆದಿರದ ಕಾರಣ. ಕೂದಲೆಳೆಯಷ್ಟು ಆಚೀಚೆ ಇರುವುದರಿಂದ ತಿರುವು ಕೊಟ್ಟಾಗ ಎಲ್ಲ ಪಿನ್ನೂ ಒಟ್ಟಿಗೆ ಬಿಗಿಯುವುದಿಲ್ಲ, ಒಂದೊಂದಾಗಿ ಬಿಗಿಯುತ್ತವೆ. ಬಿಗಿದದ್ದನ್ನು ಹುಡುಕಿ ಎತ್ತಿದರೆ ಕಿಟ್ ಎನ್ನುತ್ತದೆ, ಸಿಲಿಂಡರು ಎಳ್ಳಷ್ಟು ತಿರುಗುತ್ತದೆ. ಆಮೇಲೆ ಇನ್ನೊಂದು ಪಿನ್ನಿನ ಸರದಿ.

ಹೊಸಬರೆಲ್ಲ ಎಡವುವುದು ಒಂದೇ ಕಡೆ. ತಿರುವು ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಆಗ ಎಲ್ಲ ಪಿನ್ನೂ ಕಲ್ಲಾಗುತ್ತವೆ. ಒತ್ತುವ ಬೆರಳಿನ ಉಗುರು ನೋಡಿಕೋ, ಅದು ಬೆಳ್ಳಗಾದರೆ ಹೆಚ್ಚಾಯಿತು ಎಂದು ಅವಳಿಗೆ ಹೇಳಿದೆ. ಅಕ್ರಿಲಿಕ್ ಬೀಗಕ್ಕೆ ಬಟ್ಟೆ ಸುತ್ತಿಕೊಂಡು ಮಾಡು ಎಂದೂ ಹೇಳಿದೆ, ಕಣ್ಣು ಕೆಲಸ ಮಾಡುವಷ್ಟು ದಿನ ಬೆರಳು ಕಲಿಯುವುದಿಲ್ಲ. ನಾಲ್ಕು ಪಿನ್ನಿನ ಸಾಮಾನ್ಯ ಹಿತ್ತಾಳೆ ಬೀಗಕ್ಕೆ ಬೇಗ ದಾಟಿಕೊಂಡಳು. ನಡುವೆ ಸೊಂಟ ಸಣ್ಣಗಿರುವ ಪಿನ್ನುಗಳ ಬೀಗದಲ್ಲಿ ಸಿಲಿಂಡರು ತುಸು ತಿರುಗಿ, ತೆರೆಯಿತು ಎಂದು ನಂಬಿಸಿ ನಿಂತುಬಿಡುತ್ತದೆ. ಅಲ್ಲಿ ತಿರುವನ್ನು ಸಡಿಲಿಸುವ ಧೈರ್ಯ ಬೇಕು. ನನಗೆ ವರ್ಷಗಳು ಹಿಡಿದದ್ದು ಅವಳಿಗೆ ಒಂದು ಬೇಸಿಗೆ ರಜೆಯಲ್ಲಿ ಬಂತು. ಅವಳ ಕಲಿಕೆ ನನ್ನ ಕಲಿಕೆಗಿಂತ ಎಲ್ಲ ರೀತಿಯಲ್ಲೂ ಒಳ್ಳೆಯದು.

ಇದನ್ನು ಆಟವಾಗಿ ಆಡುವವರ ಸಂಘಗಳು ಹೊರದೇಶಗಳಲ್ಲಿವೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಅಂಥದ್ದೊಂದು ಹುಟ್ಟಿದ್ದು 1997ರಲ್ಲಿ, ಅವರು ಸ್ಪರ್ಧೆಗಳನ್ನೂ ನಡೆಸುತ್ತಾರೆ. ಈ ಆಟಗಾರರೆಲ್ಲ ಒಪ್ಪಿಕೊಂಡ ನಿಯಮ ಎರಡೇ. ನಿನ್ನದಲ್ಲದ ಬೀಗವನ್ನು ಯಜಮಾನನ ಒಪ್ಪಿಗೆಯಿಲ್ಲದೆ ಮುಟ್ಟಬೇಡ. ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬೇಡ, ನಿನ್ನದೇ ಆಗಿದ್ದರೂ. ಎರಡನೆಯದು ಬರಿಯ ಶಿಸ್ತಲ್ಲ, ಕಡ್ಡಿ ಒಳಗೆ ಮುರಿದರೆ ಮನೆಯವರೆಲ್ಲ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ಮೊದಲನೆಯದನ್ನು ನಮ್ಮ ಕಾನೂನೂ ಹೇಳುತ್ತದೆ. ಅತಿಕ್ರಮಕ್ಕಾಗಿ ಬೀಗ ತೆರೆದು ಒಳಹೋದರೆ, ಬೀಗ ಮುರಿಯದಿದ್ದರೂ, ಅದು ಮನೆಗನ್ನ. 1860ರ ದಂಡಸಂಹಿತೆ ಹಾಗೆ ಹೇಳಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ಕಸುಬಿನ ಮಾತು ಬೇರೆ. ಅರ ಹಿಡಿದು ಬದುಕುವವರು ಕಡಿಮೆಯಾಗುತ್ತಿದ್ದಾರೆ. ಕೀ ನಕಲು ಮಾಡಲು ಯಂತ್ರ ಬಂದಿದೆ. ಕಾರಿನ ಕೀಯೊಳಗೆ ಚಿಪ್ಪು ಕೂತಿದೆ, ಹಲ್ಲು ಸರಿಯಾಗಿ ಕೊರೆದರೂ ಚಿಪ್ಪಿಗೆ ಪ್ರೋಗ್ರಾಂ ಹಾಕದೆ ಎಂಜಿನ್ ಏಳುವುದಿಲ್ಲ. ಬೆರಳಚ್ಚಿನ ಬೀಗಗಳಿಗೆ ಬ್ಯಾಟರಿ ಹೋದರೆ ಕರೆಯುವುದು ಮತ್ತೆ ಕೀಯವನನ್ನೇ, ಏಕೆಂದರೆ ಅವುಗಳಲ್ಲಿ ಎಷ್ಟೋ ಬೀಗಗಳ ಕೆಳಗೊಂದು ಸಾದಾ ಕೀ ಕಿಂಡಿ ಇರುತ್ತದೆ. ಈ ಕಸುಬಿಗೆ ಬರುವ ಹುಡುಗರು ಅರದ ಜತೆಗೆ ಲ್ಯಾಪ್‌ಟಾಪನ್ನೂ ಕಲಿಯಬೇಕು, ಬೇರೆ ದಾರಿ ಇಲ್ಲ.

ಆ ಓಣಿಯ ಒಂದು ಪದ್ಧತಿಯನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಒಮ್ಮೆ ಪಾಲಿನ ವ್ಯಾಜ್ಯ ನಡೆದಿದ್ದ ಮನೆಗೆ ಬೀರು ತೆಗೆಯಲು ಕರೆ ಬಂತು. ತಮ್ಮ ಕರೆದಿದ್ದ, ಕೀ ಕಳೆದಿದೆ ಎಂದ, ಕೇಳಿದ್ದಕ್ಕಿಂತ ಹೆಚ್ಚು ದುಡ್ಡು ಮುಂದಿಟ್ಟ. ಮೇಸ್ತ್ರಿ ಚೀಲ ಬಿಚ್ಚಲೇ ಇಲ್ಲ. ನಿಮ್ಮ ಅಣ್ಣ ಬರಲಿ, ಇಬ್ಬರೆದುರು ತೆಗೆಯುತ್ತೇನೆ ಎಂದು ಹೇಳಿ ಎದ್ದು ಬಂದರು. ಅವರಿಗೆ ಊರಿನ ಮುಖಗಳು ಗೊತ್ತಿದ್ದವು, ಯಾವ ಮನೆ ಯಾರದ್ದು ಎಂಬುದೂ ಗೊತ್ತಿತ್ತು. ಬೆನ್ನ ಹಿಂದೆ ಅಡಗಿಸಿದ ಕೈಚಳಕಕ್ಕಿಂತ ಊರನ್ನು ಹೆಚ್ಚು ಕಾದದ್ದು ಈ ಗುರುತು. ಕೈಚಳಕ ಈಗ ಎಲ್ಲರಿಗೂ ಸಿಗುತ್ತದೆ, ಸಿಗಲಿ. ಗುರುತು ಮಾತ್ರ ದೊಡ್ಡ ಊರುಗಳಲ್ಲಿ ಹೋಗಿದೆ. ಫೋನಿನಲ್ಲಿ ಸಿಕ್ಕ ನಂಬರಿಗೆ ಕರೆ ಮಾಡಿದರೆ ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದವನಿಗೆ ನೀವು ಆ ಮನೆಯವರೋ ಅಲ್ಲವೋ ತಿಳಿಯುವ ಬಗೆ ಇಲ್ಲ. ಎಷ್ಟೋ ಜನ ಕೇಳುವುದೂ ಇಲ್ಲ. ಕೇಳಿದರೆ ಗಿರಾಕಿ ಸಿಡುಕುತ್ತಾರೆ ಎಂಬ ಅಂಜಿಕೆ ಅವರದ್ದು.

ಹಾಗಾಗಿ ಓದುಗರಲ್ಲಿ ನನ್ನದೊಂದು ಕೋರಿಕೆ. ಕೀ ಕಳೆದು ಬಾಗಿಲ ಮುಂದೆ ನಿಂತಾಗ, ಬೀಗ ತೆಗೆಯಲು ಬಂದವರು ಆಧಾರ್ ಕಾರ್ಡು, ಕರೆಂಟ್ ಬಿಲ್ಲು ಕೇಳಿದರೆ, ಪಕ್ಕದ ಮನೆಯವರನ್ನು ಕರೆಯಿರಿ ಎಂದರೆ ಬೇಸರಪಡಬೇಡಿ, ತೋರಿಸಿ. ಏನೂ ಕೇಳದೆ ತೆಗೆದುಕೊಟ್ಟವರನ್ನು ಎರಡನೇ ಸಲ ಕರೆಯಬೇಡಿ.