ಕೋಬೆಯ ‘ಕನ್ನ’ದ ಮನೆ

ಜಪಾನಿನ ಕೋಬೆ ನಗರಕ್ಕೆ ಬುಲೆಟ್ ರೈಲಿನಲ್ಲಿ ಹೋದವರು ಇಳಿಯುವುದು ಶಿನ್-ಕೋಬೆ ನಿಲ್ದಾಣದಲ್ಲಿ. ಅಲ್ಲಿಂದ ಸ್ವಲ್ಪವೇ ನಡೆದರೆ ತಕೆನಾಕಾ ಬಡಗಿ ಉಪಕರಣಗಳ ಸಂಗ್ರಹಾಲಯ ಸಿಗುತ್ತದೆ. ಹೊರಗಿನಿಂದ ಒಂದೇ ಅಂತಸ್ತಿನ ಹೆಂಚಿನ ಮನೆಯಂತೆ ಕಾಣುತ್ತದೆ. ಉಳಿದ ಎರಡು ಅಂತಸ್ತುಗಳು ನೆಲದ ಕೆಳಗಿವೆ! 1984ರಲ್ಲಿ ಆರಂಭವಾಗಿ 2014ರಲ್ಲಿ ಈ ಜಾಗಕ್ಕೆ ಬಂದ ಸಂಗ್ರಹಾಲಯದ ಬಳಿ 30,000ಕ್ಕೂ ಹೆಚ್ಚು ಉಪಕರಣಗಳಿವೆ.

ಮಕ್ಕಳೇ, ಮರವನ್ನು ಹೆರೆದು ನುಣುಪು ಮಾಡುವ ಹತ್ತರಿ ಗೊತ್ತಲ್ಲ? ಕೆಲವರು ಕೀಸುಳಿ ಎಂದೂ ಅನ್ನುತ್ತಾರೆ. ಅದಕ್ಕೆ ಜಪಾನೀ ಭಾಷೆಯಲ್ಲಿ ‘ಕನ್ನ’ ಎಂದು ಹೆಸರು. ನಮ್ಮಲ್ಲಿ ಕನ್ನ ಹಾಕುವವನು ಕಳ್ಳ, ಅಲ್ಲಿ ಕನ್ನ ಹಿಡಿಯುವವನು ಬಡಗಿ! ನಮ್ಮ ಬಡಗಿ ಹತ್ತರಿಯನ್ನು ಮುಂದಕ್ಕೆ ತಳ್ಳಿದರೆ, ಅಲ್ಲಿಯವನು ತನ್ನ ಕಡೆಗೆ ಎಳೆಯುತ್ತಾನೆ.

ಕನ್ನವನ್ನು ಕೊಂಡು ತಂದರಷ್ಟೇ ಸಾಲದು, ಅದನ್ನು ಹದ ಮಾಡಿಕೊಳ್ಳಬೇಕು. ಅಲಗಿನಲ್ಲಿ ಎರಡು ಪದರಗಳಿವೆ. ಕತ್ತರಿಸುವ ಕಡೆ ತೆಳುವಾದ ಗಟ್ಟಿ ಉಕ್ಕು, ಅದಕ್ಕೆ ಬೆಸೆದ ಮೆತ್ತನೆಯ ಕಬ್ಬಿಣ. ಉಕ್ಕು ಹರಿತವನ್ನು ಕಾಯುತ್ತದೆ, ಕಬ್ಬಿಣ ಮಸೆಯುವ ಕೆಲಸವನ್ನು ಹಗುರ ಮಾಡುತ್ತದೆ. ಮೊದಲು ಒರಟು ಕಲ್ಲು, ನಂತರ ಮಧ್ಯಮ, ಕೊನೆಗೆ ನುಣುಪು ಕಲ್ಲು. ಎಲ್ಲದಕ್ಕೂ ನೀರು ಬೇಕು, ತಾಳ್ಮೆಯೂ ಬೇಕು.

ಅಲಗನ್ನು ಹಿಡಿದಿರುವ ಓಕ್ ಮರದ ದಿಮ್ಮಿಯನ್ನೂ ಹದ ಮಾಡಬೇಕು. ಅದರ ತಳ ಪೂರ್ತಿ ಸಮವಾಗಿರುವುದಿಲ್ಲ. ಎಳೆಯುವಾಗ ಮುಂದಿರುವ ತುದಿ ಮತ್ತು ಅಲಗು ಇಣುಕುವ ಬಾಯಿಯ ಅಂಚು, ಈ ಎರಡೇ ಕಡೆ ಅದು ಮರಕ್ಕೆ ತಾಗಬೇಕು. ನಡುವಿನ ಭಾಗವನ್ನು ಕೂದಲೆಳೆಯಷ್ಟು ಹೆರೆದು ತಗ್ಗಿಸಿರುತ್ತಾರೆ. ತೇವಕ್ಕೆ ದಿಮ್ಮಿ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಹಾಗಾಗಿ ಆಗಾಗ ಪರೀಕ್ಷಿಸಬೇಕು. ತಿರುಪಿನ ಮಾತೇ ಇಲ್ಲ. ಅಲಗಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಲಗು ಇಳಿಯುತ್ತದೆ. ದಿಮ್ಮಿಯ ಹಿಂತುದಿಗೆ ತಟ್ಟಿದರೆ ಮೇಲೇರುತ್ತದೆ.

ಹೀಗೆ ಹದವಾದ ಕನ್ನದಿಂದ ನುರಿತ ಬಡಗಿ 10 ಮೈಕ್ರಾನ್‌ಗಿಂತ ತೆಳುವಾದ ಸುರುಳಿ ತೆಗೆಯಬಲ್ಲ. 1,000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಬ್ಯಾಂಕಿನಲ್ಲಿ ಜೀವನಪೂರ್ತಿ ನೋಟು ಎಣಿಸಿದ ನನಗೆ ತಿಳಿಯುವ ಲೆಕ್ಕದಲ್ಲಿ ಹೇಳುವುದಾದರೆ, ಅಂಥ ಹತ್ತು ಸುರುಳಿ ಒಂದರ ಮೇಲೊಂದು ಇಟ್ಟರೂ ಒಂದು ನೋಟಿನಷ್ಟು ದಪ್ಪ!

ಇಂಥ ಉಪಕರಣಗಳಿಗೆ ಸಂಗ್ರಹಾಲಯ ಯಾಕೆ ಬೇಕಾಯಿತು? ಒಳ್ಳೆಯ ಕನ್ನವನ್ನು ಬಡಗಿ ದಿನವೂ ಬಳಸುತ್ತಾನೆ. ಬಳಸಿದಷ್ಟೂ ಮಸೆಯಬೇಕು, ಮಸೆದಷ್ಟೂ ಅಲಗು ಸವೆಯುತ್ತದೆ. ಕೊನೆಗೆ ಏನೂ ಉಳಿಯುವುದಿಲ್ಲ. ಈಗಂತೂ ವಿದ್ಯುತ್ ಯಂತ್ರಗಳ ಕಾಲ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಉಕ್ಕನ್ನು ಇಡಬಹುದು, ಮಸೆಯುವ ಕೈಯನ್ನು ಇಡಲಾಗದು.

ಕನ್ನಕ್ಕೂ ಮೊದಲು ಅಲ್ಲಿ ಈಟಿಯ ಮೊನೆಯಂಥ ‘ಯರಿಗನ್ನ’ ಬಳಕೆಯಲ್ಲಿತ್ತು. ಅದು ಶತಮಾನಗಳ ಕಾಲ ಮರೆತೇ ಹೋಗಿತ್ತು. 20ನೇ ಶತಮಾನದಲ್ಲಿ ದೇವಾಲಯಗಳನ್ನು ಕಟ್ಟುತ್ತಿದ್ದ ಬಡಗಿ ನಿಶಿಯೋಕಾ ತ್ಸುನೆಕಾಜು ಅದನ್ನು ಮತ್ತೆ ಬಳಕೆಗೆ ತಂದರು. ಹೇಳಿಕೊಡುವ ಗುರುವೇ ಉಳಿದಿರಲಿಲ್ಲ. ಹಳೆಯ ಮರದ ಮೇಲಿನ ಗುರುತುಗಳೇ ಅವರಿಗೆ ಪಾಠವಾದವು.

ನಮಗೆ ಆ ಕಷ್ಟ ಇನ್ನೂ ಬಂದಿಲ್ಲ. ಹತ್ತರಿ ಮಸೆಯಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅಟ್ಟದ ಮೇಲೆ ತುಕ್ಕು ಹಿಡಿದ ಹತ್ತರಿ ಇದ್ದರೆ, ಅಜ್ಜನನ್ನು ಕರೆದುಕೊಂಡು ಅಂಥವರ ಬಳಿ ಹೋಗಿ. ಸಾಣೆಕಲ್ಲಿಗೆ ನೀರು ಹಾಕುವ ಕೆಲಸ ನಿಮ್ಮದಾಗಲಿ.